ತೈಲಬಾವಿಯಲ್ಲಿ ಮೇಲಿನಿಂದ ಬೀಳುವ ವಸ್ತುಗಳು: ‘ಆಕಸ್ಮಿಕ’ ಎಂದು ಬರೆದು ಮುಗಿಸಬಾರದು

ಮಾನ್ಯ ಸಂಪಾದಕರೇ,

ತೈಲಬಾವಿ ಕೊರೆಯುವ ಜಾಗದಲ್ಲಿ ಮೇಲಿನಿಂದ ಏನೋ ಬಿದ್ದು ಕಾರ್ಮಿಕನೊಬ್ಬ ಸತ್ತನೆಂದೋ ತೀವ್ರವಾಗಿ ಗಾಯಗೊಂಡನೆಂದೋ ಸುದ್ದಿ ಬಂದಾಗ, ಅದು ಬಹುತೇಕ ಪತ್ರಿಕೆಗಳಲ್ಲಿ ನಾಲ್ಕೈದು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆ ಸಾಲುಗಳಲ್ಲಿ ‘ಆಕಸ್ಮಿಕವಾಗಿ’ ಎಂಬ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ‘ಹೆಲ್ಮೆಟ್ ಧರಿಸಿದ್ದರೂ’ ಎಂದೋ ‘ಹೆಲ್ಮೆಟ್ ಧರಿಸದ ಕಾರಣ’ ಎಂದೋ ಇನ್ನೊಂದು ಮಾತು ಸೇರಿಕೊಂಡಿರುತ್ತದೆ. ಬಾವಿ ಕೊರೆಯುವ ಡ್ರಿಲ್ಲಿಂಗ್ ರಿಗ್‌ಗಳಲ್ಲಿ ಮೊದಲು ಕೆಳಗಿನ ವೇದಿಕೆಯ ಮೇಲೆ ಕೆಲಸ ಮಾಡುವ ಫ್ಲೋರ್‌ಮನ್ ಆಗಿ, ಆಮೇಲೆ ಡೆರಿಕ್ ಮೇಲೆ ನಿಂತು ಕೆಲಸ ಮಾಡುವ ಟಾಪ್‌ಮನ್ ಆಗಿ, ಕೊನೆಯ ವರ್ಷಗಳಲ್ಲಿ ಪಾಳಿಯ ಮೇಲ್ವಿಚಾರಕನಾಗಿ ದುಡಿದು ನಿವೃತ್ತನಾದ ನನಗೆ ಈ ಮಾತುಗಳನ್ನು ಓದಿದಾಗಲೆಲ್ಲ ಮನಸ್ಸು ಕಲಕುತ್ತದೆ. ಅವು ಓದುಗರ ಗಮನವನ್ನು ಪೆಟ್ಟು ತಿಂದವನ ತಲೆಯ ಕಡೆಗೆ ತಿರುಗಿಸುತ್ತವೆ. ಪೆಟ್ಟಿಗೆ ಕಾರಣವಾದದ್ದು ಮೂವತ್ತು ನಲವತ್ತು ಮೀಟರ್ ಎತ್ತರದಲ್ಲಿ, ತಿಂಗಳುಗಳ ಕಾಲ, ಯಾರ ಕಣ್ಣಿಗೂ ಬೀಳದೆ ಸಡಿಲವಾಗುತ್ತಿತ್ತು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೋರುತ್ತೇನೆ.

ಡೆರಿಕ್ ಎಂದರೆ ಬಾವಿಯ ಬಾಯಿಯ ಮೇಲೆ ನಿಲ್ಲಿಸಿದ ಉಕ್ಕಿನ ಗೋಪುರ. ದೊಡ್ಡ ರಿಗ್‌ಗಳಲ್ಲಿ ಅದರ ಎತ್ತರ ನಲವತ್ತು ಮೀಟರ್ ದಾಟುತ್ತದೆ. ತುದಿಯಲ್ಲಿ ಕ್ರೌನ್ ಬ್ಲಾಕ್ ಎಂಬ ರಾಟೆಗಳ ಗುಂಪು, ಅಲ್ಲಿಂದ ಇಳಿದ ಉಕ್ಕಿನ ಹಗ್ಗದಲ್ಲಿ ತೂಗುವ ಟ್ರಾವೆಲಿಂಗ್ ಬ್ಲಾಕ್, ಅದರ ಕೆಳಗೆ ಪೈಪನ್ನು ತಿರುಗಿಸುವ, ಹತ್ತಾರು ಟನ್ ತೂಗಬಲ್ಲ ಟಾಪ್ ಡ್ರೈವ್ ಎಂಬ ಯಂತ್ರ. ನಡುವಿಗಿಂತ ಮೇಲೆ, ಟಾಪ್‌ಮನ್ ನಿಲ್ಲುವ ಕಿರಿದಾದ ಹಲಗೆ. ನಾವು ಅದನ್ನು ಮಂಕಿ ಬೋರ್ಡ್ ಎನ್ನುತ್ತೇವೆ. ಐದು ಇಂಚಿನ ಸಾಮಾನ್ಯ ಡ್ರಿಲ್ ಪೈಪ್ ಒಂದರ ಉದ್ದ ಒಂಬತ್ತೂವರೆ ಮೀಟರ್‌ನಷ್ಟು, ತೂಕ 270 ಕಿಲೋಗ್ರಾಂ ಆಸುಪಾಸು. ಅಂಥ ಮೂರನ್ನು ಜೋಡಿಸಿ ನಿಲ್ಲಿಸಿದರೆ 800 ಕಿಲೋಗ್ರಾಂ ಮೀರುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ ದೊಡ್ಡ ವಸ್ತುಗಳು, ಆದ್ದರಿಂದ ಎಲ್ಲರೂ ಇವುಗಳಿಗೆ ಹೆದರುತ್ತಾರೆ, ಎಚ್ಚರವಾಗಿಯೂ ಇರುತ್ತಾರೆ. ಆದರೆ ಅದೇ ಗೋಪುರದ ಮೈತುಂಬ ದೀಪಗಳು, ಧ್ವನಿವರ್ಧಕಗಳು, ಕ್ಯಾಮೆರಾಗಳು, ಕೇಬಲ್ ಹಾದುಹೋಗುವ ತಗಡಿನ ತೊಟ್ಟಿಗಳು, ಚಿಕ್ಕ ರಾಟೆಗಳು, ಹೈಡ್ರಾಲಿಕ್ ಕೊಳವೆಗಳನ್ನು ಹಿಡಿದಿಟ್ಟ ಕ್ಲ್ಯಾಂಪ್‌ಗಳು, ಏಣಿಯ ಪಟ್ಟಿಗಳು, ಇವುಗಳನ್ನೆಲ್ಲ ಬಿಗಿದ ನೂರಾರು ಬೋಲ್ಟುಗಳು ಇವೆ. ಇವುಗಳ ನೇರ ಕೆಳಗೆ, ರಿಗ್ ಫ್ಲೋರ್ ಮೇಲೆ, ಹಗಲು ರಾತ್ರಿ ಎನ್ನದೆ ಮೂರು ನಾಲ್ಕು ಜನ ಓಡಾಡುತ್ತಲೇ ಇರುತ್ತಾರೆ.

ಚಿಕ್ಕ ವಸ್ತು ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ ಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಸಾಕು. ಒಂದು ಕಿಲೋಗ್ರಾಂ ತೂಕದ ಸ್ಪ್ಯಾನರ್ ಮೂವತ್ತು ಮೀಟರ್ ಎತ್ತರದಿಂದ ಜಾರಿದರೆ ಎರಡೂವರೆ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ; ಆ ಹೊತ್ತಿಗೆ ಅದರ ವೇಗ ಗಂಟೆಗೆ 87 ಕಿಲೋಮೀಟರ್, ಅದರ ಶಕ್ತಿ ಸುಮಾರು 294 ಜೂಲ್. ಯುರೋಪಿನ ಇಎನ್ 397 ಮಾನದಂಡದಲ್ಲಿ ಕೈಗಾರಿಕಾ ಹೆಲ್ಮೆಟ್‌ನ ಆಘಾತ ಪರೀಕ್ಷೆಗೆ ಐದು ಕಿಲೋಗ್ರಾಂ ತೂಕವನ್ನು ಒಂದು ಮೀಟರ್ ಎತ್ತರದಿಂದ ಬಿಡಲಾಗುತ್ತದೆ. ಅದರ ಶಕ್ತಿ 49 ಜೂಲ್ ಮಾತ್ರ. ಅಂದರೆ ಆ ಸ್ಪ್ಯಾನರ್ ತರುವ ಪೆಟ್ಟು, ಹೆಲ್ಮೆಟ್ ಅನ್ನು ಯಾವ ಪೆಟ್ಟಿಗೆ ಪರೀಕ್ಷಿಸಿದ್ದಾರೋ ಅದರ ಆರು ಪಟ್ಟು. ರಕ್ಷಣಾ ಸಾಧನ ಧರಿಸಿದವನನ್ನೂ ದಾಖಲಿಸಬೇಕಾದ ಮಟ್ಟಕ್ಕೆ ಗಾಯಗೊಳಿಸಲು ಸುಮಾರು 40 ಜೂಲ್ ಸಾಕೆಂಬ ಅಂದಾಜು ಈ ಉದ್ಯಮದಲ್ಲಿ ರೂಢಿಯಲ್ಲಿದೆ. ಅದೇ ಮೂವತ್ತು ಮೀಟರ್ ಎತ್ತರದಿಂದ ಅಷ್ಟು ಶಕ್ತಿಯನ್ನು ತರಲು 140 ಗ್ರಾಂ ತೂಕದ ಒಂದು ನಟ್ಟು ಸಾಕು. ಮುಷ್ಟಿಯೊಳಗೆ ಮುಚ್ಚಿಹೋಗುವ ವಸ್ತು ಅದು. ತುದಿ ಚೂಪಾಗಿದ್ದರೆ ಈ ಅಂದಾಜುಗಳೂ ಕೈಬಿಡುತ್ತವೆ, ಏಕೆಂದರೆ ಅವು ಮೊಂಡಾದ ವಸ್ತುಗಳನ್ನು ಇಟ್ಟುಕೊಂಡು ಮಾಡಿದವು. ಹೆಲ್ಮೆಟ್ ಬೇಡವೆಂದು ನಾನು ಹೇಳುತ್ತಿಲ್ಲ, ಅದು ಎಷ್ಟೋ ತಲೆಗಳನ್ನು ಉಳಿಸಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅದು ಅಳಿದುಳಿದ ಅಪಾಯಕ್ಕಾಗಿ ಇರುವ ಸಾಧನ. ಅದು ಕುತ್ತಿಗೆಯನ್ನು ಕಾಯುವುದಿಲ್ಲ, ಭುಜವನ್ನೂ ಬೆನ್ನುಹುರಿಯನ್ನೂ ಕಾಯುವುದಿಲ್ಲ.

ನನ್ನ ಪಾಳಿಯಲ್ಲಿಯೇ ನಡೆದ ಒಂದು ಘಟನೆಯನ್ನು ಹೇಳದೆ ಈ ಪತ್ರ ಬರೆಯುವುದು ಅಪ್ರಾಮಾಣಿಕವಾಗುತ್ತದೆ. ಬಾವಿಯೊಳಗೆ ಪೈಪು ಸಿಕ್ಕಿಕೊಂಡಿತ್ತು. ಹಾಗೆ ಸಿಕ್ಕಿಕೊಂಡಾಗ ‘ಜಾರ್’ ಎಂಬ ಉಪಕರಣದಿಂದ ಕೆಳಗಿನಿಂದ ಸುತ್ತಿಗೆಯಂತೆ ಏಟು ಕೊಟ್ಟು ಬಿಡಿಸಬೇಕಾಗುತ್ತದೆ, ಪ್ರತಿ ಏಟಿಗೂ ಇಡೀ ಡೆರಿಕ್ ನಡುಗುತ್ತದೆ. ಹದಿನಾಲ್ಕು ಗಂಟೆ ಹಾಗೆ ಹೊಡೆದ ಮೇಲೆ ಪೈಪು ಬಿಟ್ಟುಕೊಂಡಿತು. ಜಾರಿಂಗ್ ಮುಗಿದ ಮೇಲೆ ಡೆರಿಕ್ ಹತ್ತಿ, ಸಡಿಲವಾದದ್ದೇನಾದರೂ ಇದೆಯೇ ಎಂದು ನೋಡಿದ ನಂತರವೇ ಕೆಲಸ ಮುಂದುವರಿಸಬೇಕೆಂಬುದು ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಪಾಠ. ಆದರೆ ಆಗಲೇ ಸಾಕಷ್ಟು ಸಮಯ ಕಳೆದುಹೋಗಿತ್ತು, ಮೇಲಧಿಕಾರಿಗಳಿಂದ ಫೋನ್ ಮೇಲೆ ಫೋನ್ ಬರುತ್ತಿತ್ತು. ಪರಿಶೀಲನೆಯನ್ನು ಬೆಳಗಿನ ಪಾಳಿ ಮಾಡುತ್ತದೆ ಎಂದು ಬರೆದಿಟ್ಟು ನಾವು ಪೈಪು ಎತ್ತತೊಡಗಿದೆವು. ರಾತ್ರಿ ಎರಡರ ಸುಮಾರಿಗೆ, ಇಪ್ಪತ್ತು ಮೀಟರ್ ಎತ್ತರದಲ್ಲಿದ್ದ ಒಂದು ದೀಪದ ಹಿಡಿಕೆಯ ಕ್ಲ್ಯಾಂಪ್ ಕಳಚಿಕೊಂಡಿತು. ಎರಡು ಕಿಲೋಗೂ ಕಡಿಮೆ ತೂಕದ್ದು. ಅದು ನೇರವಾಗಿ ಬೀಳಲಿಲ್ಲ; ಅಡ್ಡ ತೊಲೆಯೊಂದಕ್ಕೆ ತಾಗಿ, ಪಕ್ಕಕ್ಕೆ ಚಿಮ್ಮಿ, ಬಾವಿಯ ಬಾಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ ಫ್ಲೋರ್‌ಮನ್ ಹುಡುಗನ ಹೆಲ್ಮೆಟ್ ಅಂಚನ್ನು ಸವರಿಕೊಂಡು ಕುತ್ತಿಗೆ ಮತ್ತು ಭುಜ ಸೇರುವ ಜಾಗಕ್ಕೆ ಬಡಿಯಿತು.

ಅವನು ಬಿದ್ದವನು ತಾನೇ ಎದ್ದು ಕುಳಿತ. “ಏನೂ ಆಗಿಲ್ಲ ಸರ್, ಕೈ ಜುಮ್ಮೆನ್ನುತ್ತಿದೆ ಅಷ್ಟೇ” ಎಂದ. ಅರ್ಧ ಗಂಟೆಯಲ್ಲಿ ಆ ಕೈಯಿಂದ ಲೋಟ ಹಿಡಿಯಲಾಗದ ಸ್ಥಿತಿಗೆ ಬಂದ. ಅಲ್ಲಿಂದ ಆಸ್ಪತ್ರೆ ತಲುಪಲು ಬೆಳಗಾಯಿತು. ಕಾಲರ್ ಎಲುಬು ಮುರಿದದ್ದು ಕೂಡಿಕೊಂಡಿತು, ಆದರೆ ಕೈಗೆ ಹೋಗುವ ನರಗಳಿಗೆ ಬಿದ್ದ ಪೆಟ್ಟು ವಾಸಿಯಾಗಲಿಲ್ಲ. ಅವನು ಮತ್ತೆ ರಿಗ್‌ಗೆ ಬರಲಿಲ್ಲ. ತನಿಖಾ ವರದಿಯ ‘ಕಾರಣ’ ಎಂಬ ಕಾಲಮ್ಮಿನಲ್ಲಿ ‘ಕೆಲಸದ ಅಗತ್ಯವಿಲ್ಲದ ಸ್ಥಳದಲ್ಲಿ ನಿಂತಿದ್ದುದು, ಸುತ್ತಮುತ್ತಲ ಅರಿವಿನ ಕೊರತೆ’ ಎಂದು ಬರೆಯಲಾಯಿತು. ಅದರ ಕೆಳಗೆ ಪಾಳಿಯ ಮೇಲ್ವಿಚಾರಕನ ಸಹಿ ಇದೆ. ಆ ಸಹಿ ನನ್ನದು.

ಕ್ಲ್ಯಾಂಪಿನ ಬೋಲ್ಟು ಒಳಗಿನಿಂದ ತುಕ್ಕು ಹಿಡಿದಿತ್ತೆಂಬುದು ಬಳಿಕ ಗೊತ್ತಾಯಿತು. ಆ ದೀಪ ರಿಗ್ ಕಟ್ಟಿದಾಗಿನದಲ್ಲ; ಮಂಕಿ ಬೋರ್ಡಿನ ಕೆಳಗೆ ಕತ್ತಲೆ ಎಂದು ಯಾರೋ ದೂರಿದ್ದರಿಂದ, ಒಳ್ಳೆಯ ಉದ್ದೇಶದಿಂದಲೇ, ವರ್ಷದ ಹಿಂದೆ ಸೇರಿಸಿದ್ದು. ಮೂಲ ದೀಪಗಳಿಗೆಲ್ಲ ಬೋಲ್ಟು ಕಳಚಿದರೂ ತೂಗಿಕೊಂಡು ಉಳಿಯುವಂತೆ ಉಕ್ಕಿನ ಸಣ್ಣ ಹಗ್ಗ ಕಟ್ಟಲಾಗಿತ್ತು. ಇದಕ್ಕೂ ಕಟ್ಟಿದ್ದರು, ಆದರೆ ದೀಪಕ್ಕೆ ಕಟ್ಟಿದ್ದರೇ ಹೊರತು ಹಿಡಿಕೆಯ ಕ್ಲ್ಯಾಂಪಿಗಲ್ಲ. ಆದ್ದರಿಂದ ದೀಪ ಮೇಲೆ ತೂಗುತ್ತಾ ಉಳಿಯಿತು, ಕ್ಲ್ಯಾಂಪ್ ಕೆಳಗೆ ಬಂತು. ಇಷ್ಟೆಲ್ಲ ಗೊತ್ತಾದ ಮೇಲೂ ವರದಿಯನ್ನು ಯಾರೂ ತಿದ್ದಲಿಲ್ಲ, ನಾನೂ ತಿದ್ದಿಸಲಿಲ್ಲ.

ಒಂದು ವಸ್ತು ಬೀಳುವುದಕ್ಕೆ ಎರಡು ದಾರಿಗಳಿವೆ. ತಾನಿದ್ದ ಕಡೆಯಿಂದ ತನ್ನದೇ ಭಾರಕ್ಕೆ ಕಳಚಿ ಬೀಳುವುದು ಒಂದು: ತುಕ್ಕು, ಕಂಪನ, ಸರಿಯಾಗಿ ಬಿಗಿಯದೆ ಬಿಟ್ಟದ್ದು ಇವು ಅದರ ಕಾರಣಗಳು. ಬೇರೇನೋ ತಾಗಿ, ಎಳೆದು, ಗಾಳಿ ಬೀಸಿ, ಕೈಜಾರಿ ಬೀಳುವುದು ಇನ್ನೊಂದು. ಎರಡನೆಯದು ಕಣ್ಣೆದುರೇ ನಡೆಯುವುದರಿಂದ ಅದಕ್ಕೊಬ್ಬ ಹೊಣೆಗಾರ ಬೇಗ ಸಿಗುತ್ತಾನೆ. ಮೊದಲನೆಯದರಲ್ಲಿ ಬೀಳುವ ಕ್ಷಣದಲ್ಲಿ ಅಲ್ಲಿ ಯಾರೂ ಇರುವುದಿಲ್ಲ, ಯಾರೂ ಮುಟ್ಟಿರುವುದಿಲ್ಲ. ಅದಕ್ಕೇ ಅದು ‘ಆಕಸ್ಮಿಕ’ ಎನಿಸಿಕೊಳ್ಳುತ್ತದೆ. ಸಮುದ್ರದ ರಿಗ್‌ಗಳಲ್ಲಿ ಉಪ್ಪಿನ ಗಾಳಿ ಉಕ್ಕನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಕವಚದ ದೀಪಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಹಾಕಿದರೆ ಆ ಎರಡು ಲೋಹಗಳ ನಡುವೆಯೇ ಸವೆತ ಶುರುವಾಗಿ ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ ಪುಡಿಯಾಗುತ್ತದೆ. ಹೊರಗಿನಿಂದ ನೋಡಿದರೆ ಬೋಲ್ಟು ಹೊಳೆಯುತ್ತಲೇ ಇರುತ್ತದೆ. ಮರುಭೂಮಿಯ ರಿಗ್‌ನಲ್ಲಿ ಈ ಕೆಲಸವನ್ನು ಮರಳು ಮತ್ತು ಕಂಪನ ಮಾಡುತ್ತವೆ, ಶೀತಪ್ರದೇಶಗಳಲ್ಲಿ ಡೆರಿಕ್ ಮೇಲೆ ಕಟ್ಟಿದ ಮಂಜುಗಡ್ಡೆಯೇ ಬಿಡಿಭಾಗಗಳ ಜೊತೆ ಬೀಳುತ್ತದೆ. ಇಂಥ ಸವೆತಕ್ಕೆ ತಿಂಗಳುಗಳು ಬೇಕು. ತಿಂಗಳುಗಳ ಕಾಲ ನಡೆದ ಒಂದು ಕ್ರಿಯೆಯ ಕೊನೆಯ ಎರಡು ಸೆಕೆಂಡನ್ನು ಮಾತ್ರ ನೋಡಿ ಅದನ್ನು ಆಕಸ್ಮಿಕ ಎನ್ನುವುದು ಹೇಗೆ ಸರಿಯಾದೀತು?

ಇನ್ನೊಂದು ಬಗೆಯ ಅಪಾಯ ಕ್ರೇನ್‌ನಿಂದ ಸರಕು ಎತ್ತುವಾಗಿನದು. ಸರಕನ್ನು ಕಟ್ಟಿ ಎತ್ತುವ ಹಗ್ಗವಾದ ಸ್ಲಿಂಗ್ ಹರಿದು ಇಡೀ ಸರಕೇ ಬೀಳುವುದನ್ನು ಎಲ್ಲರೂ ಊಹಿಸಬಲ್ಲರು. ಆದರೆ ಕಂಟೇನರ್ ಒಂದರ ಚಾವಣಿಯ ಮೇಲೆ ಹಿಂದಿನ ಕೆಲಸದವರು ಮರೆತ ಸುತ್ತಿಗೆ, ಫೋರ್ಕ್‌ಲಿಫ್ಟ್‌ನ ಕವೆ ತೂರಿಸಲು ಬುಡದಲ್ಲಿ ಬಿಟ್ಟ ಪೊಳ್ಳುಗಳಲ್ಲಿ ಸಿಕ್ಕಿಕೊಂಡ ಕಲ್ಲು ಅಥವಾ ಮರದ ತುಂಡು, ಇವು ಸರಕು ವಾಲಿದ ಕೂಡಲೇ ಉದುರುತ್ತವೆ. ಬಾವಿ ದುರಸ್ತಿಯ ಚಿಕ್ಕ ರಿಗ್‌ಗಳಲ್ಲಿ, ತೈಲ ಎತ್ತುವ ಪಂಪಿನ ಕುದುರೆಮುಖದಂಥ ಭಾರಿ ಭಾಗವನ್ನು ಕಳಚುವಾಗ, ಮಾಸ್ಟ್ ಎಂಬ ಚಿಕ್ಕ ಗೋಪುರವನ್ನು ಎತ್ತಿ ನಿಲ್ಲಿಸುವಾಗ ಮತ್ತು ಮಲಗಿಸುವಾಗ ನಡೆಯುವ ದುರಂತಗಳು ದೊಡ್ಡ ರಿಗ್‌ಗಳಷ್ಟು ಸುದ್ದಿಯಾಗುವುದೂ ಇಲ್ಲ. ಅಲ್ಲಿ ಜನ ಕಡಿಮೆ, ಪಾಳಿ ಉದ್ದ, ಉಪಕರಣ ಹಳೆಯದು.

ಅಂಕಿ ಅಂಶಗಳ ವಿಚಾರಕ್ಕೆ ಬಂದರೆ, ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಕಟಿಸಿದ ಲೆಕ್ಕದಲ್ಲಿ 2003ರಿಂದ 2013ರವರೆಗಿನ ಹನ್ನೊಂದು ವರ್ಷಗಳಲ್ಲಿ ಅಲ್ಲಿನ ತೈಲ ಮತ್ತು ಅನಿಲ ಹೊರತೆಗೆಯುವ ಉದ್ಯಮದಲ್ಲಿ 1,189 ಕಾರ್ಮಿಕರು ಕೆಲಸದಲ್ಲಿರುವಾಗ ಸತ್ತರು. ವಾಹನ ಹಾಗೂ ಸಾರಿಗೆ ಅಪಘಾತಗಳನ್ನು ಬಿಟ್ಟರೆ ಅತಿ ಹೆಚ್ಚು ಜೀವಗಳನ್ನು ತೆಗೆದದ್ದು ವಸ್ತು ಮತ್ತು ಯಂತ್ರಗಳ ಹೊಡೆತ. ಅದರ ಪಾಲು ಒಟ್ಟು ಸಾವುಗಳ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಬಿದ್ದ ವಸ್ತುಗಳ ಜೊತೆಗೆ ಬೀಸಿ ಬಂದ, ಉರುಳಿ ಬಂದ, ಚಚ್ಚಿದ ಯಂತ್ರಭಾಗಗಳೂ ಈ ಲೆಕ್ಕದಲ್ಲಿ ಸೇರಿವೆ ಎಂಬುದನ್ನು ಹೇಳಲೇಬೇಕು. ಬೆಂಕಿ ಮತ್ತು ಸ್ಫೋಟ ಜನರ ಮನಸ್ಸಿನಲ್ಲಿ ತೈಲಬಾವಿಯ ಅಪಾಯವೆಂದರೆ ಅದೇ ಎಂಬಂತೆ ಕುಳಿತುಬಿಟ್ಟಿವೆ. ಆದರೆ ಒಬ್ಬೊಬ್ಬರನ್ನಾಗಿ, ಸದ್ದಿಲ್ಲದೆ ಕೊಲ್ಲುವುದು ಇಂಥ ಹೊಡೆತಗಳೇ. ಒಬ್ಬೊಬ್ಬರಾಗಿ ಸಾಯುವವರ ಸುದ್ದಿಗೆ ನಾಲ್ಕು ಸಾಲು ಸಿಗುವುದು ಪತ್ರಿಕೆಗಳ ತಪ್ಪೆಂದಷ್ಟೇ ಹೇಳಿ ಮುಗಿಸಲಾರೆ, ಆದರೆ ಆ ನಾಲ್ಕು ಸಾಲು ಏನು ಹೇಳಬೇಕು ಎಂಬುದು ತಮ್ಮ ಕೈಯಲ್ಲಿದೆ.

ಸಾಯದೆ ಉಳಿದವರ ಗಾಯದ ಬಗ್ಗೆ ಇನ್ನೂ ಕಡಿಮೆ ಮಾತು ನಡೆಯುತ್ತದೆ. ತಲೆಗೆ ಪೆಟ್ಟು ಬಿದ್ದವನ ತಲೆಬುರುಡೆ ಒಡೆಯದಿದ್ದರೂ ಮೆದುಳು ಒಳಗೆ ಅಲುಗಿರುತ್ತದೆ. ಅವನು ಎದ್ದು ನಿಲ್ಲುತ್ತಾನೆ, ಮಾತಾಡುತ್ತಾನೆ, ಜೊತೆಯವರ ಎದುರು ಕುಂದಾಗಬಾರದೆಂದು ಕೆಲಸಕ್ಕೂ ಮರಳುತ್ತಾನೆ. ಗಂಟೆಗಳ ನಂತರ ವಾಂತಿ, ತಲೆನೋವು, ಮಂಪರು ಶುರುವಾದಾಗ ಹತ್ತಿರದಲ್ಲಿ ಸ್ಕ್ಯಾನ್ ಮಾಡುವ ಆಸ್ಪತ್ರೆ ಇರುವುದಿಲ್ಲ. ಸಮುದ್ರದಲ್ಲಾದರೆ ಹೆಲಿಕಾಪ್ಟರ್ ಬರಬೇಕು, ಹವಾಮಾನ ಬಿಡಬೇಕು. ತಿಂಗಳುಗಳ ನಂತರವೂ ಮರೆವು, ಬೆಳಕು ಕಂಡರೆ ಆಗದಿರುವುದು, ಕಾರಣವಿಲ್ಲದ ಸಿಟ್ಟು, ನಿದ್ದೆಗೇಡು ಉಳಿಯಬಹುದು. ಅದು ಎಕ್ಸ್-ರೇಯಲ್ಲಿ ಕಾಣುವುದಿಲ್ಲವಾದ್ದರಿಂದ ಅವನು ನೆಪ ಹೇಳುತ್ತಿದ್ದಾನೆಂದು ಕಚೇರಿಯವರೂ, ಕೆಲವೊಮ್ಮೆ ಮನೆಯವರೂ ಅಂದುಕೊಳ್ಳುತ್ತಾರೆ. ಪರಿಹಾರದ ಅರ್ಜಿಯ ಜೊತೆ ಲಗತ್ತಾಗುವ ತನಿಖಾ ವರದಿಯಲ್ಲಿ ‘ಅರಿವಿನ ಕೊರತೆ’ ಎಂಬ ಎರಡು ಪದ ಇದ್ದರೆ ಅವನ ವಾದ ಅಲ್ಲಿಗೇ ಅರ್ಧ ಸತ್ತುಹೋಗುತ್ತದೆ. ಹಾಗಾಗಿ ಕಾರಣದ ಕಾಲಮ್ಮಿನಲ್ಲಿ ಏನು ಬರೆಯುತ್ತಾರೆ ಎಂಬುದನ್ನು ಕಚೇರಿಯ ಕಾಗದಪತ್ರದ ವಿಷಯವೆಂದು ಯಾರೂ ತಳ್ಳಿಹಾಕಬಾರದು. ಒಂದು ಮನೆ ಮುಂದಿನ ಮೂವತ್ತು ವರ್ಷ ಹೇಗೆ ನಡೆಯುತ್ತದೆ ಎಂಬುದು ಅದರ ಮೇಲೆ ನಿಂತಿರಬಹುದು.

ಇದನ್ನು ತಡೆಯುವ ವಿದ್ಯೆ ಹೊಸದೇನಲ್ಲ. ಕಾಲು ಶತಮಾನಕ್ಕೂ ಹಿಂದಿನಿಂದಲೇ ಉತ್ತರ ಸಮುದ್ರದ ತೈಲ ಕಂಪನಿಗಳು ಮತ್ತು ಡ್ರಿಲ್ಲಿಂಗ್ ಗುತ್ತಿಗೆದಾರರು ‘ಡ್ರಾಪ್ಸ್’ ಎಂಬ ಕೂಟದಲ್ಲಿ ಸೇರಿ, ಬಿದ್ದ ವಸ್ತುಗಳ ತೂಕ ಮತ್ತು ಎತ್ತರವನ್ನು ದಾಖಲಿಸಿ, ಅವುಗಳಿಂದ ಏನಾಗಬಹುದಿತ್ತು ಎಂದು ಅಳೆಯುವ ಸರಳ ಕೋಷ್ಟಕವನ್ನು ರೂಪಿಸಿಕೊಂಡರು. ಅದರ ಹಿಂದಿರುವ ತಿಳಿವಳಿಕೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ: ಬಿದ್ದ ವಸ್ತು ಯಾರಿಗೂ ತಾಗದೆ ಹೋದರೂ, ಅದು ಕೊಲ್ಲಬಹುದಾಗಿದ್ದರೆ, ಕೊಂದಷ್ಟೇ ಗಂಭೀರವಾಗಿ ಅದರ ತನಿಖೆಯಾಗಬೇಕು. ತಾಗುವುದು ಬಿಡುವುದು ಒಂದು ಹೆಜ್ಜೆಯ ಅಂತರದ ಮಾತು. ಬೀಳುವುದು ಮಾತ್ರ ನಮ್ಮ ಕೈಯಲ್ಲಿರುವ ವಿಷಯ. ಪ್ರತಿ ಜೋಡಣೆಗೂ ಮೂರು ಹಂತದ ಹಿಡಿತವಿರಬೇಕೆಂಬುದು ಇದೇ ಕೂಟ ಪ್ರಚಾರಕ್ಕೆ ತಂದ ಶಿಸ್ತು. ಮೊದಲು ಬೋಲ್ಟು ಅಥವಾ ಬೆಸುಗೆ. ನಂತರ ಆ ಬೋಲ್ಟು ತಾನಾಗಿ ಬಿಚ್ಚಿಕೊಳ್ಳದಂತೆ ಸ್ಪ್ಲಿಟ್ ಪಿನ್ನೋ ಬಿಗಿತಂತಿಯೋ. ಇವೆರಡೂ ಕೈಕೊಟ್ಟರೂ ವಸ್ತು ತೂಗಿ ನಿಲ್ಲುವಂತೆ ಹಗ್ಗ, ಸರಪಳಿ ಅಥವಾ ಬಲೆ. ನನ್ನ ಪಾಳಿಯ ಆ ಕ್ಲ್ಯಾಂಪಿಗೆ ಎರಡನೆಯದೂ ಇರಲಿಲ್ಲ, ಮೂರನೆಯದೂ ಇರಲಿಲ್ಲ.

ಅಂತರರಾಷ್ಟ್ರೀಯ ತೈಲ ಮತ್ತು ಅನಿಲ ಉತ್ಪಾದಕರ ಸಂಘ 2018ರಲ್ಲಿ ತನ್ನ ಜೀವರಕ್ಷಕ ನಿಯಮಗಳನ್ನು ಒಂಬತ್ತಕ್ಕೆ ಇಳಿಸಿತು. ಎತ್ತರದ ಕೆಲಸದ ನಿಯಮದಲ್ಲಿ ಉಪಕರಣಗಳನ್ನು ಕಟ್ಟಿಟ್ಟುಕೊಳ್ಳಬೇಕೆಂಬುದೂ, ಅಪಾಯದ ನೇರದಲ್ಲಿ ನಿಲ್ಲಬಾರದೆಂಬ ನಿಯಮದಲ್ಲಿ ಬೀಳಬಹುದಾದ ವಸ್ತುಗಳನ್ನು ಕಂಡರೆ ವರದಿ ಮಾಡಬೇಕೆಂಬುದೂ ಸೇರಿವೆ. ಅದೇ ವರ್ಷ ಅಮೆರಿಕದಲ್ಲಿ, ಕೈಉಪಕರಣಗಳನ್ನು ಮಣಿಕಟ್ಟಿಗೋ ಸೊಂಟದ ಪಟ್ಟಿಗೋ ಕಟ್ಟಿಕೊಳ್ಳುವ ಹಗ್ಗ, ಕೊಕ್ಕೆ, ಚೀಲಗಳು ಎಷ್ಟು ಭಾರ ತಡೆಯಬೇಕು ಎಂಬುದಕ್ಕೆ ಪ್ರತ್ಯೇಕ ಮಾನದಂಡವೇ ಬಂತು. ನಾನು ಟಾಪ್‌ಮನ್ ಆಗಿದ್ದ ಕಾಲದಲ್ಲಿ ಸ್ಪ್ಯಾನರಿಗೆ ನಾವೇ ಗೋಣಿದಾರ ಕಟ್ಟಿಕೊಳ್ಳುತ್ತಿದ್ದೆವು, ಅದು ಹರಿಯುವವರೆಗೆ ಸಾಕೆಂದು ನಂಬಿದ್ದೆವು. ಈಗ ಪರೀಕ್ಷಿಸಿದ ಹಗ್ಗಗಳಿವೆ, ಮೇಲೆ ಒಯ್ದ ಪ್ರತಿ ಉಪಕರಣವನ್ನು ಎಣಿಸಿ ಬರೆದು ಇಳಿದ ಮೇಲೆ ಮತ್ತೆ ಎಣಿಸುವ ಪುಸ್ತಕಗಳಿವೆ. ಪೈಪು ಹಿಡಿದು ಜೋಡಿಸುವ ಯಂತ್ರಗಳು ಬಂದು ಎಷ್ಟೋ ರಿಗ್‌ಗಳಲ್ಲಿ ಫ್ಲೋರ್ ಮೇಲೆ ಜನ ನಿಲ್ಲುವ ಅಗತ್ಯವೇ ಕಡಿಮೆಯಾಗಿದೆ. ಆ ಯಂತ್ರಗಳ ಹಲ್ಲುಗಳೂ ಬೋಲ್ಟುಗಳೂ ಬೀಳುತ್ತವೆ ಎಂಬುದನ್ನೂ ಮರೆಯುವಂತಿಲ್ಲ, ಆದರೂ ಕೆಳಗೆ ಯಾರೂ ಇಲ್ಲದಿರುವುದಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ.

ಹೀಗಿದ್ದೂ ಏಕೆ ಬೀಳುತ್ತವೆ ಎಂದು ತಾವು ಕೇಳಬಹುದು. ನನ್ನ ಅನುಭವದಲ್ಲಿ ಮುಖ್ಯ ಕಾರಣ, ಬಿದ್ದದ್ದನ್ನು ಹೇಳಲು ಜನ ಹೆದರುವುದು. ಹಲವು ರಿಗ್‌ಗಳ ಪ್ರವೇಶದಲ್ಲಿ ಗಾಯವಿಲ್ಲದೆ ಎಷ್ಟು ದಿನ ಕಳೆದವು ಎಂದು ತೋರಿಸುವ ಫಲಕವಿರುತ್ತದೆ. ಆ ಸಂಖ್ಯೆಗೆ ಬಹುಮಾನ, ಭತ್ಯೆ, ಮುಂದಿನ ಗುತ್ತಿಗೆ ಎಲ್ಲವೂ ಅಂಟಿಕೊಂಡಿರುವಾಗ, ಒಂದು ಬೋಲ್ಟು ಖಾಲಿ ಜಾಗದಲ್ಲಿ ಬಿದ್ದರೆ ಅದನ್ನೆತ್ತಿ ಜೇಬಿಗೆ ಹಾಕಿಕೊಳ್ಳುವ ಕಾರ್ಮಿಕನನ್ನು ನಾನು ದೂರಲಾರೆ. ವರದಿ ಮಾಡಿದರೆ ಕೆಲಸ ನಿಲ್ಲುತ್ತದೆ, ನಿಂತ ಪ್ರತಿ ಗಂಟೆಯ ಲೆಕ್ಕ ಕೇಳುವವರಿದ್ದಾರೆ. ‘ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು’ ಎಂಬ ವಾಕ್ಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿರುತ್ತದೆ. ಹಾಗೆ ನಿಲ್ಲಿಸಿದ ಹೊಸ ಹುಡುಗನಿಗೆ ಆಮೇಲೆ ಏನಾಯಿತು ಎಂಬುದನ್ನು ನೋಡಿಯೇ ಉಳಿದವರು ಆ ವಾಕ್ಯವನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ಇದರ ಜೊತೆಗೆ ಒಂದೇ ರಿಗ್‌ನಲ್ಲಿ ಹಲವು ಮಾಲೀಕರಿರುತ್ತಾರೆ. ಬಾವಿ ಒಬ್ಬರದು, ರಿಗ್ ಇನ್ನೊಬ್ಬರದು, ಸಿಮೆಂಟ್ ಹಾಕುವವರು, ಬಾವಿಯ ಗೋಡೆಗೆ ಆಸರೆಯಾಗುವ ಕೇಸಿಂಗ್ ಕೊಳವೆ ಇಳಿಸುವವರು, ಬಾವಿಯೊಳಗೆ ಅಳತೆ ತೆಗೆಯುವವರು ಬೇರೆ ಬೇರೆ ಕಂಪನಿಗಳವರು. ಎರಡು ದಿನಕ್ಕೆಂದು ಬಂದವರು ತಮ್ಮದೊಂದು ರಾಟೆಯನ್ನೋ ತಂತಿಯನ್ನೋ ಡೆರಿಕ್‌ಗೆ ತೂಗುಹಾಕಿ, ಕೆಲಸ ಮುಗಿದ ಮೇಲೆ ಕೊಕ್ಕೆಯೊಂದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಆ ಕೊಕ್ಕೆ ಯಾರ ಪರಿಶೀಲನಾ ಪಟ್ಟಿಯಲ್ಲೂ ಇರುವುದಿಲ್ಲ. ಡೆರಿಕ್‌ನ ಪ್ರತಿ ಭಾಗದ ಚಿತ್ರ, ಅದು ಹೇಗೆ ಬಿಗಿಯಲ್ಪಟ್ಟಿದೆ, ಯಾವಾಗ ನೋಡಲಾಯಿತು ಎಂಬುದನ್ನು ದಾಖಲಿಸಿದ ಪುಸ್ತಕ ಒಳ್ಳೆಯ ರಿಗ್‌ಗಳಲ್ಲಿರುತ್ತದೆ, ಆದರೆ ಅದು ರಿಗ್ ಕಟ್ಟಿದ ದಿನದ ಚಿತ್ರವಾಗಿಯೇ ಉಳಿದರೆ ಪ್ರಯೋಜನವಿಲ್ಲ. ಹೊಸದಾಗಿ ಮೇಲೆ ಏರಿದ್ದೆಲ್ಲ ಅದೇ ದಿನ ಪುಸ್ತಕಕ್ಕೂ ಏರಬೇಕು. ಗುತ್ತಿಗೆಯ ಷರತ್ತಿನಲ್ಲಿಯೇ ಇದನ್ನು ಬರೆದರೆ, ಮತ್ತು ಜಾರಿಂಗ್ ಅಥವಾ ಬಿರುಗಾಳಿಯ ನಂತರದ ಪರಿಶೀಲನೆಗೆ ಬೇಕಾದ ಗಂಟೆಗಳಿಗೆ ಬಾವಿಯ ಮಾಲೀಕರು ಹಣ ಕಡಿತ ಮಾಡುವುದಿಲ್ಲವೆಂದು ಒಪ್ಪಿದರೆ, ಪಾಳಿಯ ಮೇಲ್ವಿಚಾರಕನೊಬ್ಬ ರಾತ್ರಿ ಎರಡು ಗಂಟೆಗೆ ಫೋನಿನ ಒತ್ತಡದಲ್ಲಿ ತಪ್ಪು ತೀರ್ಮಾನ ಮಾಡುವ ಸಂದರ್ಭವೇ ಬರುವುದಿಲ್ಲ. ಇದನ್ನು ನನ್ನ ತಪ್ಪಿಗೆ ನೆಪವಾಗಿ ಬರೆಯುತ್ತಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಇಂಥ ಸುದ್ದಿ ಬಂದಾಗ ತಮ್ಮ ವರದಿಗಾರರು ಬಿದ್ದ ವಸ್ತು ಯಾವುದು, ಅದರ ತೂಕವೆಷ್ಟು, ಎಷ್ಟು ಎತ್ತರದಿಂದ ಬಿತ್ತು ಎಂದು ಕೇಳಲಿ. ಅದನ್ನು ಅಲ್ಲಿ ಏನು ಹಿಡಿದಿಟ್ಟಿತ್ತು, ಕೊನೆಯ ಬಾರಿ ಅದನ್ನು ಯಾರು ಯಾವಾಗ ಮುಟ್ಟಿ ನೋಡಿದ್ದರು, ಕೆಳಗಿನ ಜಾಗವನ್ನು ಆ ಹೊತ್ತಿನಲ್ಲಿ ಜನರಿಗೆ ಮುಚ್ಚಲಾಗಿತ್ತೇ ಎಂದು ಕೇಳಲಿ. ಉತ್ತರ ಸಿಗದಿದ್ದರೆ, ಕೇಳಿದರೂ ಉತ್ತರ ಸಿಗಲಿಲ್ಲವೆಂದೇ ಪ್ರಕಟಿಸಲಿ. ಆ ಒಂದು ವಾಕ್ಯಕ್ಕೆ ಕಂಪನಿಗಳ ಕಚೇರಿಗಳಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ನಾನು ಬಲ್ಲೆ. ತನಿಖೆ ಮುಗಿಯುವವರೆಗೆ ‘ಆಕಸ್ಮಿಕ’, ‘ನಿರ್ಲಕ್ಷ್ಯ’ ಎಂಬ ಎರಡೂ ಪದಗಳನ್ನು ದೂರವಿಡಲಿ. ಸಾಧ್ಯವಾದರೆ ಆರು ತಿಂಗಳ ನಂತರ ಮತ್ತೊಮ್ಮೆ ವಿಚಾರಿಸಿ, ಕಾರಣದ ಕಾಲಮ್ಮಿನಲ್ಲಿ ಕೊನೆಗೆ ಏನು ಬರೆಯಲಾಯಿತು ಎಂಬುದನ್ನೂ ತಿಳಿಸಲಿ. ಗಾಯಗೊಂಡವರ ಮನೆಯವರು ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಪರಿಹಾರಕ್ಕೆ ಅಲೆಯುವಾಗ ಅವರ ಕೈಯಲ್ಲಿರುವ ಕಾಗದ ಎಷ್ಟೋ ಸಲ ಅದೊಂದೇ ಆಗಿರುತ್ತದೆ.

ನಾನು ಸಹಿ ಹಾಕಿದ ಆ ವರದಿಯಲ್ಲಿ ಇರಬೇಕಾಗಿದ್ದ, ನಾನು ಬರೆಯದೆ ಬಿಟ್ಟ ವಾಕ್ಯವನ್ನು ಇಲ್ಲಿ ಬರೆಯುತ್ತಿದ್ದೇನೆ: ‘ನಂತರ ಸೇರಿಸಿದ ದೀಪದ ಕ್ಲ್ಯಾಂಪ್ ಪರಿಶೀಲನಾ ಪಟ್ಟಿಯಲ್ಲಿ ಇರಲಿಲ್ಲ, ಅದಕ್ಕೆ ಎರಡನೆಯ ಹಿಡಿತವಿರಲಿಲ್ಲ, ಜಾರಿಂಗ್ ಮುಗಿದ ಮೇಲೆ ಡೆರಿಕ್ ಅನ್ನು ಯಾರೂ ಹತ್ತಿ ನೋಡಲಿಲ್ಲ, ಕಾರ್ಮಿಕನು ತಾನು ನಿಲ್ಲಬೇಕಾದ ಸ್ಥಳದಲ್ಲಿಯೇ ನಿಂತಿದ್ದನು.’

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಿಗ್ ಮೇಲ್ವಿಚಾರಕ